ಏರು ಬಂದರೆ ನಿಲ್ಲುತ್ತಿದ್ದ ಮಾರಿಸ್ ಮೈನರ್

ಆಕ್ಸ್‌ಫರ್ಡಿನಿಂದ ಲಂಡನ್ ಕಡೆಗೆ ಹಳೇ ಎ-40 ರಸ್ತೆ ಹಿಡಿದರೆ ಹತ್ತು ಹನ್ನೆರಡು ಮೈಲಿ ಹೊಲಗಳ ನಡುವೆ ಆರಾಮಾಗಿ ಹೋಗಬಹುದು. ಆಮೇಲೆ ಚಿಲ್ಟರ್ನ್ ಗುಡ್ಡ ಎದುರಾಗುತ್ತೆ. ಸ್ಟೋಕನ್‌ಚರ್ಚ್ ಊರು ಗುಡ್ಡದ ಮೇಲಿದೆ, ಅಲ್ಲಿಗೆ ಹತ್ತಬೇಕು. ನನ್ನ ಗಾಡಿ ಆ ಏರಿನ ಅರ್ಧಕ್ಕೆ ಬಂದು ನಿಲ್ಲುತ್ತಿತ್ತು. ಒಂದು ಸಲ ಅಲ್ಲ, ನಾಲ್ಕು ಸಲ. ಹೆಚ್ಚುಕಡಿಮೆ ಅದೇ ತಿರುವು, ಅದೇ ಬೇಲಿ.

ಗಾಡಿ 1967ರ ಮಾರಿಸ್ ಮೈನರ್ 1000, ಎರಡು ಬಾಗಿಲಿನದು, ಬಾದಾಮಿ ಹಸಿರು ಬಣ್ಣ. 1098 ಸಿಸಿ ಎಂಜಿನ್, ಪೆಟ್ರೋಲ್ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡೋಕೆ ಒಂದೇ ಒಂದು ಎಸ್‌ಯು ಎಚ್‌ಎಸ್-2 ಕಾರ್ಬೊರೇಟರ್. ನಾನಿರುವ ಮನೆಯಿಂದ ಆಕ್ಸ್‌ಫರ್ಡಿನ ಕೌಲಿ ಕಾರ್ಖಾನೆಗೆ ನಡೆದುಕೊಂಡೇ ಹೋಗಬಹುದು. ಈ ಕಾರು ಹುಟ್ಟಿದ್ದು ಅಲ್ಲೇ. 1948ರಲ್ಲಿ ಅಲೆಕ್ ಇಸಿಗೋನಿಸ್ ವಿನ್ಯಾಸ ಮಾಡಿದ ಮೈನರ್ ಮೊದಲು ಹೊರಬಂತು, 1971ರವರೆಗೆ ಒಂದಲ್ಲ ಒಂದು ರೂಪದಲ್ಲಿ ತಯಾರಾಯ್ತು. ಈಗ ಕೌಲಿಯಲ್ಲಿ ಮಿನಿ ಮಾಡುತ್ತಾರೆ. ಹಾಸನದಿಂದ ಬಂದು ಇಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಮೈನರ್ ಹುಟ್ಟಿದ ಊರಿನಲ್ಲೇ ಒಂದು ಮೈನರ್ ಓಡಿಸಬೇಕು ಅನ್ನೋದು ನನ್ನ ಆಸೆಯಾಗಿತ್ತು.

ಈಗ ತೊಂದರೆ ಹೇಗಿತ್ತು ಅಂತ ಸರಿಯಾಗಿ ಹೇಳುತ್ತೇನೆ, ಯಾಕೆಂದರೆ ಅರ್ಧ ಉತ್ತರ ಅದರಲ್ಲೇ ಇತ್ತು. ಪೇಟೆಯೊಳಗೆ ಗಾಡಿ ಚೆನ್ನಾಗಿ ಓಡುತ್ತಿತ್ತು. ಬೆಳಗ್ಗೆ ಚೋಕ್ (ಪೆಟ್ರೋಲಿನ ಪಾಲು ಹೆಚ್ಚಿಸುವ ಗುಂಡಿ) ಎಳೆದರೆ ಎರಡನೇ ಸುತ್ತಿಗೆ ಸ್ಟಾರ್ಟ್. ಸಮತಟ್ಟು ರಸ್ತೆಯಲ್ಲಿ 40 ಮೈಲಿ ವೇಗಕ್ಕೆ ತಕರಾರಿಲ್ಲ. 50ಕ್ಕೆ ಏರಿಸಿ ಐದಾರು ನಿಮಿಷ ಹಿಡಿದರೆ ಎಳೆತ ಕಮ್ಮಿಯಾಗುತ್ತಾ ಬರುತ್ತಿತ್ತು. ಗುಡ್ಡ ಹತ್ತುವಾಗ ಎರಡೇ ನಿಮಿಷ: ಮೊದಲು ಸಣ್ಣ ಜರ್ಕ್, ಆಮೇಲೆ ಮಿಸ್ ಹೊಡೆಯೋದು, ಆಮೇಲೆ ನಿಧಾನಕ್ಕೆ ಸತ್ತು ಹೋಗೋದು. ಚೋಕ್ ಎಳೆದರೆ ಒಂದು ಹತ್ತು ಸೆಕೆಂಡ್ ಜೀವ ಬರುತ್ತಿತ್ತು, ಮತ್ತೆ ಅಷ್ಟೇ. ಪಕ್ಕಕ್ಕೆ ನಿಲ್ಲಿಸಿ ಐದು ನಿಮಿಷ ಸುಮ್ನೆ ಕೂತರೆ ಏನೂ ಆಗಿಲ್ಲದ ಹಾಗೆ ಸ್ಟಾರ್ಟ್ ಆಗುತ್ತಿತ್ತು.

ಕರೆಂಟ್ ಕಡೆಯ ತೊಂದರೆಯೋ ಪೆಟ್ರೋಲ್ ಕಡೆಯದ್ದೋ ಅನ್ನೋದನ್ನ ಸಾಯುವ ರೀತಿ ನೋಡಿ ಬಹಳಷ್ಟು ಸಲ ಹೇಳಬಹುದು. ಕಾಯಿಲ್, ವೈರು ಇಂಥದ್ದು ಕೈಕೊಟ್ಟರೆ ಸಾಮಾನ್ಯವಾಗಿ ಸ್ವಿಚ್ ಆರಿಸಿದ ಹಾಗೆ ಒಂದೇ ಏಟಿಗೆ ನಿಲ್ಲುತ್ತೆ. ಪೆಟ್ರೋಲ್ ಸಾಲದಿದ್ದರೆ ಬಿಕ್ಕಿ ಬಿಕ್ಕಿ ನಿಲ್ಲುತ್ತೆ. ಆದರೂ ಕಿಡಿ ಹುಟ್ಟಿಸುವ ಕಡೆಯ ಕಂಡೆನ್ಸರ್ ಅನ್ನೋ ಸಣ್ಣ ಭಾಗ ಬಿಸಿಯಾದಾಗ ಮಾತ್ರ ಕೆಟ್ಟು, ತಣ್ಣಗಾದಾಗ ಸರಿಹೋಗಿ ಜನರನ್ನ ತಿಂಗಳುಗಟ್ಟಲೆ ದಾರಿ ತಪ್ಪಿಸಿದ ಕಥೆ ಹಳೇ ಗಾಡಿ ಇಟ್ಟುಕೊಂಡವರೆಲ್ಲರ ಹತ್ತಿರವೂ ಇರುತ್ತೆ. ಅದಕ್ಕೆ ಮೊದಲ ಶನಿವಾರ ಅದನ್ನೇ ಮುಗಿಸಿದೆ. ಹೊಸ ಕಂಡೆನ್ಸರ್, ಕಿಡಿಯ ಹೊತ್ತು ನಿರ್ಧರಿಸುವ ಸಿಬಿ ಪಾಯಿಂಟಿನ ಗ್ಯಾಪ್ ಇಂಚಿನ ಸಾವಿರದಲ್ಲಿ 15 ಭಾಗ, ಪ್ಲಗ್ ಗ್ಯಾಪ್ ಸಾವಿರದಲ್ಲಿ 25. ಗುಡ್ಡಕ್ಕೆ ಹೋದೆ. ಅದೇ ತಿರುವಿನಲ್ಲಿ ನಿಂತಿತು.

ಆ ಸಲ ನಿಂತ ಜಾಗದಲ್ಲೇ ಒಂದು ಪ್ಲಗ್ ಬಿಚ್ಚಿ ನೋಡಿದೆ. ಬೂದಿ ಬಿಳಿ. ಪೆಟ್ರೋಲ್ ಜಾಸ್ತಿಯಾಗಿದ್ದರೆ ಮಸಿ ಹಿಡಿದು ಕಪ್ಪಗಿರಬೇಕಿತ್ತು. ಬಿಳಿ ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಚೋಕ್ ಎಳೆದಾಗ ಸ್ವಲ್ಪ ಹೊತ್ತು ಸುಧಾರಿಸಿದ್ದಕ್ಕೂ ಅದೇ ಅರ್ಥ. ಟ್ಯಾಂಕಿಗೆ ಗಾಳಿ ಹೋಗುವ ದಾರಿ ಮುಚ್ಚಿದ್ದರೂ ಹೀಗೇ ಆಗುತ್ತೆ, ಒಳಗೆ ನಿರ್ವಾತ ಹುಟ್ಟಿ ಪೆಟ್ರೋಲ್ ಹಿಡಿದಿಟ್ಟುಕೊಳ್ಳುತ್ತೆ. ಅದಕ್ಕೆ ಟ್ಯಾಂಕಿ ಮುಚ್ಚಳ ಸಡಿಲ ಮಾಡಿ ಮತ್ತೆ ಹತ್ತಿಸಿದೆ. ಏನೂ ವ್ಯತ್ಯಾಸ ಇಲ್ಲ.

ಇಲ್ಲಿಂದ ಮುಂದೆ ನಾನು ಮಾಡಿದ ಎರಡು ತಪ್ಪು ನಿರ್ಧಾರಗಳನ್ನ ಹೇಳಲೇಬೇಕು.

ಮೈನರ್‌ನಲ್ಲಿ ಪೆಟ್ರೋಲ್ ಪಂಪು ಎಲೆಕ್ಟ್ರಿಕ್. ಅದೂ ಎಸ್‌ಯು ಕಂಪನಿಯದ್ದೇ. ಬಾನೆಟ್ ಎತ್ತಿದರೆ ಎಂಜಿನ್ನಿನ ಹಿಂದಿನ ತಗಡಿಗೆ ಅಂಟಿಕೊಂಡಿರುತ್ತೆ. ಟ್ಯಾಂಕಿ ಹಿಂದೆ ಡಿಕ್ಕಿ ಕೆಳಗೆ. ಅಂದರೆ ಪಂಪು ಇಡೀ ಗಾಡಿಯ ಉದ್ದಕ್ಕೂ ಪೆಟ್ರೋಲನ್ನ ಎಳೆದು ತರಬೇಕು. ಕೀಲಿ ತಿರುಗಿಸಿದರೆ ಟಿಕ್ ಟಿಕ್ ಟಿಕ್ ಅಂತ ಬಡಿದುಕೊಂಡು, ಕಾರ್ಬೊರೇಟರಿನ ಪೆಟ್ರೋಲ್ ಬಟ್ಟಲು (ಫ್ಲೋಟ್ ಬಟ್ಟಲು) ತುಂಬಿದ ಮೇಲೆ ಸುಮ್ಮನಾಗುತ್ತೆ. ನಾನು ಕಾರ್ಬೊರೇಟರಿಗೆ ಹೋಗುವ ಪೈಪು ಕಿತ್ತು, ಡಬ್ಬಿಗೆ ಹಿಡಿದು, ಕೀಲಿ ಹಾಕಿದೆ. ಪೆಟ್ರೋಲ್ ಚಿಮ್ಮಿತು. ಮೂರು ಸೆಕೆಂಡ್ ನೋಡಿ ಆರಿಸಿದೆ. ಪಂಪು ಸರಿ ಇದೆ ಅಂದುಕೊಂಡೆ. ಇದು ಮೊದಲನೇ ತಪ್ಪು.

ಆಮೇಲೆ ಪಂಪಿನ ಒಳದಾರಿಯ ಪೈಪು ಬಿಚ್ಚಿ, ಚಕ್ರಕ್ಕೆ ಗಾಳಿ ಹಾಕುವ ಕಾಲುಪಂಪಿನಿಂದ ಟ್ಯಾಂಕಿ ಕಡೆಗೆ ಊದಿದೆ. ಹಿಂದೆ ಟ್ಯಾಂಕಿಯಲ್ಲಿ ಗುಳುಗುಳು ಅಂತ ಚೆನ್ನಾಗಿ ಸದ್ದು ಬಂತು. ಲೈನು ಕ್ಲೀನ್ ಇದೆ ಅಂದುಕೊಂಡೆ. ಇದು ಎರಡನೇ ತಪ್ಪು, ದೊಡ್ಡದು. ಇದರಿಂದ ಮೂರು ವಾರ ಹೋಯಿತು.

ಪಂಪೂ ಸರಿ, ಲೈನೂ ಸರಿ ಅಂದಮೇಲೆ ಉಳಿದಿದ್ದು ಕಾರ್ಬೊರೇಟರ್ ಒಂದೇ ಅಲ್ವಾ? ಬಿಚ್ಚಿದೆ.

ಬಿಚ್ಚಿದ್ದು ವ್ಯರ್ಥ ಅಂತ ಹೇಳಲ್ಲ. ಎಸ್‌ಯು ಕಾರ್ಬೊರೇಟರಿನಷ್ಟು ಸರಳವಾದ, ಅಷ್ಟೇ ಜಾಣತನದ ಯಂತ್ರಭಾಗ ನಾನು ಇನ್ನೊಂದು ನೋಡಿಲ್ಲ. ಎಸ್‌ಯು ಅಂದರೆ ಸ್ಕಿನ್ನರ್ಸ್ ಯೂನಿಯನ್. ಸ್ಕಿನ್ನರ್ ಅಣ್ಣತಮ್ಮಂದಿರ ಮನೆತನದ್ದು ಚಪ್ಪಲಿ ಬೂಟು ವ್ಯಾಪಾರ, ಅವರ ಮೊದಮೊದಲ ಕಾರ್ಬೊರೇಟರುಗಳಲ್ಲಿ ಚರ್ಮದ ತಿದಿ ಇರುತ್ತಿತ್ತು. ಆಮೇಲೆ ಚರ್ಮದ ಜಾಗಕ್ಕೆ ಲೋಹದ ಪಿಸ್ಟನ್ ಬಂತು. ಬೇರೆ ಕಾರ್ಬೊರೇಟರುಗಳಲ್ಲಿ ಐಡ್ಲಿಂಗಿಗೆ ಒಂದು ಜೆಟ್, ಓಟಕ್ಕೆ ಒಂದು ಜೆಟ್ ಅಂತ ನಾಲ್ಕಾರು ತೂತುಗಳಿರುತ್ತವೆ. ಇದರಲ್ಲಿ ಒಂದೇ ಜೆಟ್. ಅದರೊಳಗೆ ಚೂಪಾಗುತ್ತಾ ಹೋಗುವ ಒಂದು ಸೂಜಿ. ಎಂಜಿನ್ ಗಾಳಿ ಎಳೆದಷ್ಟೂ ಪಿಸ್ಟನ್ ಮೇಲೇಳುತ್ತೆ, ಪಿಸ್ಟನ್ ಜೊತೆ ಸೂಜಿಯೂ ಮೇಲೇಳುತ್ತೆ, ಸೂಜಿ ಸಣ್ಣಗಾದಷ್ಟೂ ಜೆಟ್ಟಿನಿಂದ ಪೆಟ್ರೋಲ್ ಜಾಸ್ತಿ ಬರುತ್ತೆ. ಅಷ್ಟೇ. ಸೂಜಿಯ ಓರೆ ಹೇಗಿದೆ ಅನ್ನೋದರ ಮೇಲೆ ಇಡೀ ಟ್ಯೂನಿಂಗ್ ನಿಂತಿದೆ. 1098 ಎಂಜಿನ್ನಿಗೆ ಎಎನ್ ಅನ್ನೋ ಸೂಜಿ. ಅಕ್ಷರ ಸೂಜಿಯ ಬುಡದಲ್ಲಿ ಕೊರೆದಿರುತ್ತೆ, ಭೂತಕನ್ನಡಿ ಬೇಕು. ನನ್ನದರಲ್ಲಿ ಎಎನ್ ಅಂತಲೇ ಇತ್ತು.

ಆದರೆ ಪಿಸ್ಟನ್ ಸರಾಗವಾಗಿ ಬೀಳುತ್ತಿರಲಿಲ್ಲ. ಬೆರಳಲ್ಲಿ ಎತ್ತಿ ಬಿಟ್ಟರೆ ಕೊನೆಗೆ ಟಕ್ ಅನ್ನಬೇಕು. ನನ್ನದು ಮೆತ್ತಗೆ ಇಳಿದು ಸುಮ್ಮನಾಗುತ್ತಿತ್ತು. ಮೇಲಿನ ಗಂಟೆಯಾಕಾರದ ಡ್ಯಾಶ್‌ಪಾಟ್ ತೆಗೆದು ಒಳಗೆಲ್ಲ ಪೆಟ್ರೋಲಲ್ಲಿ ಅದ್ದಿದ ಮೆತ್ತನೆ ಬಟ್ಟೆಯಿಂದ ಒರೆಸಿದೆ. ಉಜ್ಜುಕಾಗದ ಮುಟ್ಟಿಸಬಾರದು. ಪಿಸ್ಟನ್ನೂ ಡ್ಯಾಶ್‌ಪಾಟೂ ಜೋಡಿಯಾಗಿ ಅಳತೆ ಕೂಡಿಸಿ ಮಾಡಿದ್ದು, ಒಂದು ಕೂದಲೆಳೆ ಸವೆದರೂ ಗಾಳಿ ಸೋರುತ್ತೆ. ಆದರೂ ಟಕ್ ಬರಲಿಲ್ಲ. ಅಂದರೆ ಸೂಜಿ ಜೆಟ್ಟಿನ ಗೋಡೆಗೆ ಉಜ್ಜುತ್ತಿದೆ ಅಂತ.

ಆ ರಾತ್ರಿ ಹಾಸನಕ್ಕೆ ವಿಡಿಯೋ ಕಾಲ್ ಮಾಡಿದೆ. ನಮ್ಮ ಸೋದರಮಾವ ಇಪ್ಪತ್ತೆರಡು ವರ್ಷ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು. ಅಂಬಾಸಿಡರ್ ಅಂದರೆ ಕೌಲಿಯ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸೀರೀಸಿನ ಗಾಡಿಯೇ, ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೆ ತಯಾರಾಯ್ತು. ಅವರ ಗಾಡಿಯಲ್ಲೂ ಇದ್ದದ್ದು ಎಸ್‌ಯು ಕಾರ್ಬೊರೇಟರ್. ಶಿರಾಡಿ ಘಾಟಿಯಲ್ಲಿ ಮಳೆಗಾಲದ ರಾತ್ರಿ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಅದನ್ನ ಬಿಚ್ಚಿ ಕೂರಿಸಿದ ಕೈ ಅದು.

"ಜೆಟ್ ಲಾಕ್ ನಟ್ ಲೂಸ್ ಮಾಡು. ಜೆಟ್ ಪೂರ್ತಿ ಮೇಲಕ್ಕೆ ಒತ್ತು. ಪಿಸ್ಟನ್ನ ಮೇಲಿಂದ ಮೆತ್ತಗೆ ಕೆಳಕ್ಕೆ ಒತ್ತಿ ಹಿಡ್ಕೊ. ಸೂಜಿನೇ ಜೆಟ್ಟನ್ನ ಮಧ್ಯಕ್ಕೆ ತರುತ್ತೆ ಕಣೋ, ನೀನ್ ಏನೂ ಮಾಡ್ಬೇಡ. ಹಂಗೇ ಹಿಡ್ಕೊಂಡು ಟೈಟ್ ಮಾಡು."

ಮಾಡಿದೆ. ಫೋನನ್ನ ಕಾರ್ಬೊರೇಟರ್ ಪಕ್ಕ ಹಿಡಿದು ಪಿಸ್ಟನ್ ಎತ್ತಿ ಬಿಟ್ಟೆ. ಟಕ್.

"ಈಗ ಜೆಟ್ ಪೂರ್ತಿ ಕೆಳಕ್ಕೆ ಇಳಿಸಿ ಬಿಡು."

ಟಕ್.

"ಎರಡೂ ಒಂದೇ ಥರ ಬರ್ಲಿಲ್ಲ ಕಣೋ. ಎರಡನೇದು ಗಟ್ಟಿ ಬಂತು. ಇನ್ನೊಂದ್ಸಲ ಮಾಡು."

ನನಗೆ ಎರಡೂ ಒಂದೇ ಥರ ಕೇಳಿಸಿತ್ತು. ಮೂರನೇ ಸಲಕ್ಕೆ ಅವರು ಒಪ್ಪಿದರು. ಆಮೇಲೆ ಮ್ಯಾನುಯಲ್ ತೆಗೆದು ನೋಡಿದರೆ ಅದರಲ್ಲೂ ಹಾಗೇ ಇದೆ: ಜೆಟ್ ಮೇಲಿದ್ದಾಗ ಮತ್ತು ಕೆಳಗಿದ್ದಾಗ ಸದ್ದು ಒಂದೇ ಥರ ಇರಬೇಕು, ಕೆಳಗಿದ್ದಾಗ ಗಟ್ಟಿಯಾಗಿ ಬಂದರೆ ಮಧ್ಯಕ್ಕೆ ಬಂದಿಲ್ಲ ಅಂತ. ಪಿಸ್ಟನ್ ಏಳುವ ವೇಗ ತಗ್ಗಿಸುವ ಡ್ಯಾಂಪರಿಗೆ ಎಸ್‌ಎಇ 20 ಎಣ್ಣೆ ಹಾಕಿ ಮುಚ್ಚಿದೆ. ಆ ಎಣ್ಣೆ ಇಲ್ಲದಿದ್ದರೆ ಆಕ್ಸಿಲರೇಟರ್ ಒತ್ತಿದ ಕೂಡಲೇ ಪಿಸ್ಟನ್ ಹಾರಿ ಮೇಲೇಳುತ್ತೆ, ಗಾಳಿ ಜಾಸ್ತಿಯಾಗಿ ಗಾಡಿ ಒಂದು ಕ್ಷಣ ತಡವರಿಸುತ್ತೆ. ಟಾಪ್‌ಅಪ್ ಮಾಡೋದನ್ನ ಬಹಳ ಜನ ಮರೀತಾರೆ.

ಐಡ್ಲಿಂಗ್ ಎಷ್ಟು ಚಂದ ಆಯ್ತು ಅಂದರೆ ಬಾನೆಟ್ ಮೇಲೆ ನಾಣ್ಯ ನಿಲ್ಲಿಸಬಹುದಿತ್ತು. ಗುಡ್ಡಕ್ಕೆ ಹೋದೆ. ಅದೇ ತಿರುವು. ನಿಂತಿತು.

ಅವತ್ತು ಬೇಜಾರಾಯ್ತು, ನಿಜ. ಬೇಲಿ ಪಕ್ಕ ನಿಂತು ಎಂಜಿನ್ ಸ್ವಲ್ಪ ಆರಲಿ ಅಂತ ಕಾದೆ. ಮೈನರ್‌ನ ಎ-ಸೀರೀಸ್ ಎಂಜಿನ್ನಿನಲ್ಲಿ ಬಿಸಿ ಹೊಗೆ ಹೊರಹಾಕುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕಾರ್ಬೊರೇಟರಿನ ಸರಿಯಾಗಿ ಕೆಳಗೇ ಇದೆ, ಬಿಸಿ ಇದ್ದಾಗ ಅಲ್ಲಿ ಪೆಟ್ರೋಲ್ ಚೆಲ್ಲೋ ಕೆಲಸ ಮಾಡಬಾರದು. ಕೀಲಿ ಮಾತ್ರ ಆಫ್ ಮಾಡಿಯೇ ಇಟ್ಟಿದ್ದೆ, ಪಂಪು ಬಟ್ಟಲು ತುಂಬಿಸಿಬಿಡಬಾರದಲ್ಲ. ಆಮೇಲೆ ಫ್ಲೋಟ್ ಬಟ್ಟಲಿನ ಮುಚ್ಚಳದ ಮೂರು ಸ್ಕ್ರೂ ಬಿಚ್ಚಿ ನೋಡಿದೆ. ತಳದಲ್ಲಿ ಒಂದು ಚಮಚದಷ್ಟು ಪೆಟ್ರೋಲ್. ಅಷ್ಟೇ! ಕಾರ್ಬೊರೇಟರಿಗೆ ಪೆಟ್ರೋಲೇ ತಲುಪುತ್ತಿಲ್ಲ. ಇದನ್ನ ಮೊದಲನೇ ವಾರವೇ ನೋಡಬೇಕಿತ್ತು.

ಮಾವನಿಗೆ ಮತ್ತೆ ಕಾಲ್. ಲೈನಿಗೆ ಗಾಳಿ ಊದಿ ನೋಡಿದ್ದೆ, ಕ್ಲೀನ್ ಇತ್ತು ಅಂದೆ.

"ಊದಿ ನೋಡಿದ್ಯೋ, ಎಳೆದು ನೋಡಿದ್ಯೋ?"

"ಊದಿ ಮಾವ."

"ಪಂಪು ಊದುತ್ತಾ? ಎಳೆಯುತ್ತೆ ತಾನೇ? ಹಂಗಾದ್ರೆ ಎಳೆದು ನೋಡು. ಅದಕ್ಕೂ ಮುಂಚೆ ಅರ್ಧಕ್ಕೆ ಕತ್ತರಿಸ್ಕೊ. ಟ್ಯಾಂಕಿ ಕಡೆಯದ್ದೋ ಪಂಪು ಕಡೆಯದ್ದೋ, ಅದೊಂದು ತೀರ್ಮಾನ ಆಗ್ಲಿ."

ನಾಲ್ಕನೇ ಶನಿವಾರ. ಗಾಡಿ ಮನೆ ಹೊರಗೆ ಬಯಲಲ್ಲಿ, ಎಂಜಿನ್ ಪೂರ್ತಿ ತಣ್ಣಗೆ, ಪಕ್ಕದಲ್ಲಿ ಪುಡಿಯ ಫೈರ್ ಎಕ್ಸ್‌ಟಿಂಗ್ವಿಷರ್. ಮಿಲಿಲೀಟರ್ ಗುರುತಿರುವ ಒಂದು ಜಾಡಿ ತಂದೆ. ಕಾರ್ಬೊರೇಟರ್ ಕಡೆಯ ಪೈಪನ್ನ ಉದ್ದ ಮಾಡಿ ಬಾನೆಟ್‌ನಿಂದ ದೂರಕ್ಕೆ ಎಳೆದು ಜಾಡಿಗೆ ಬಿಟ್ಟೆ. ಕೀಲಿ ಹಾಕಿ, ಈ ಸಲ ಮೂರು ಸೆಕೆಂಡಲ್ಲ, ಪೂರ್ತಿ ಒಂದು ನಿಮಿಷ.

ಮೊದಲ ಹತ್ತು ಸೆಕೆಂಡಿಗೆ 70 ಮಿಲಿ. ಚೆನ್ನಾಗಿ ಚಿಮ್ಮಿತು. ಆಮೇಲೆ ಟಿಕ್ ಟಿಕ್ ಸದ್ದು ನಿಧಾನವಾಗುತ್ತಾ ಬಂತು. ಟಿಕ್... ಟಿಕ್... ಕೊನೆಗೆ ಎರಡು ಸೆಕೆಂಡಿಗೆ ಒಂದು. ಉಳಿದ ಐವತ್ತು ಸೆಕೆಂಡಿಗೆ ಬಂದದ್ದು ಬರೀ 60 ಮಿಲಿ.

ಈ ಪಂಪಿನ ಸದ್ದು ಕೇಳಲು ಕಲಿತರೆ ಅದೇ ಅರ್ಧ ರೋಗ ಹೇಳುತ್ತೆ. ಒಳಗಿನ ವಿದ್ಯುತ್ಕಾಂತ ಡಯಾಫ್ರಮ್ ಅನ್ನೋ ಪೊರೆಯನ್ನ ಎಳೆದಾಗ ಪೆಟ್ರೋಲ್ ಒಳಗೆ ಬರುತ್ತೆ, ಸ್ಪ್ರಿಂಗ್ ಅದನ್ನ ಆಚೆ ತಳ್ಳುತ್ತೆ. ಟ್ಯಾಂಕಿ ಕಡೆ ಕಟ್ಟಿಕೊಂಡಿದ್ದರೆ ಎಳೆಯೋದು ಕಷ್ಟವಾಗಿ ಟಿಕ್ ನಿಧಾನ ಆಗುತ್ತೆ. ಟ್ಯಾಂಕಿ ಕಡೆ ಎಲ್ಲಾದರೂ ಗಾಳಿ ಸೋರುತ್ತಿದ್ದರೆ ಪೆಟ್ರೋಲ್ ಬದಲು ಗಾಳಿ ಎಳೆದು ಹುಚ್ಚೆದ್ದ ಹಾಗೆ ಬಡಿದುಕೊಳ್ಳುತ್ತೆ, ಪೈಪಿನ ತುದಿಯನ್ನ ಪೆಟ್ರೋಲಲ್ಲಿ ಮುಳುಗಿಸಿದರೆ ಗುಳ್ಳೆ ಕಾಣುತ್ತೆ. ಎಂಜಿನ್ ನಿಂತಿದ್ದಾಗಲೂ ಆಗಾಗ ಟಿಕ್ ಅನ್ನುತ್ತಲೇ ಇದ್ದರೆ ಪೆಟ್ರೋಲ್ ಎಲ್ಲೋ ಸೋರುತ್ತಿರಬಹುದು, ಇಲ್ಲ ಪಂಪಿನ ವಾಲ್ವ್ ಹಿಡಿಯುತ್ತಿಲ್ಲದಿರಬಹುದು. ನನ್ನದು ನಿಧಾನ ಆಯ್ತು, ಗುಳ್ಳೆ ಇರಲಿಲ್ಲ.

ಈಗ ಮಾವ ಹೇಳಿದ ಹಾಗೆ ಅರ್ಧ ಮಾಡಿದೆ. ಟ್ಯಾಂಕಿಯಿಂದ ಬರುವ ಪೈಪು ಪಂಪಿನಿಂದ ಬಿಚ್ಚಿ, ಅದರ ಬದಲು ಒಂದು ಹೊಸ ಗಿಡ್ಡ ಪೈಪು ಹಾಕಿ, ನೆಲದ ಮೇಲಿಟ್ಟ ಪೆಟ್ರೋಲ್ ಕ್ಯಾನಿಗೆ ಇಳಿಬಿಟ್ಟೆ. ಮತ್ತೆ ಒಂದು ನಿಮಿಷ. ಟಿಕ್ ಟಿಕ್ ಟಿಕ್ ಒಂದೇ ಸಮ. 520 ಮಿಲಿ. ಪಂಪು ಗಟ್ಟಿಮುಟ್ಟಾಗಿದೆ. ರೋಗ ಪಂಪಿನಿಂದ ಹಿಂದೆ.

ಅಲ್ಲೇ ಕೂತು ಲೆಕ್ಕ ಹಾಕಿದೆ. ಎಲ್ಲವೂ ಕೂಡಿ ಬಂತು. ಗ್ಯಾಲನ್ನಿಗೆ 38 ಮೈಲಿ ಕೊಡುವ ಗಾಡಿ 50 ಮೈಲಿ ವೇಗದಲ್ಲಿ ಗಂಟೆಗೆ ಸುಮಾರು 6 ಲೀಟರ್ ಕುಡಿಯುತ್ತೆ. ಅಂದರೆ ನಿಮಿಷಕ್ಕೆ 100 ಮಿಲಿ. ಸಮತಟ್ಟಿನಲ್ಲಿ 40ರ ವೇಗಕ್ಕೆ 70 ಚಿಲ್ಲರೆ ಸಾಕು. ಮೂರನೇ ಗೇರಲ್ಲಿ ಗುಡ್ಡ ಹತ್ತುವಾಗ 130, 140 ಬೇಕು. ನನ್ನ ಲೈನು ಒಂದೇ ಸಮ ಕೊಡುತ್ತಿದ್ದದ್ದು ನಿಮಿಷಕ್ಕೆ 70ರ ಆಸುಪಾಸು. ಪೇಟೆಯಲ್ಲಿ ಸಾಕು. 40ಕ್ಕೆ ಸರಿಸಮ. 50ಕ್ಕೆ ಬಟ್ಟಲು ನಿಧಾನಕ್ಕೆ ಬರಿದಾಗುತ್ತೆ. ಗುಡ್ಡದಲ್ಲಿ ಬೇಗ ಬರಿದಾಗುತ್ತೆ. ಅದಕ್ಕೇ ಅದೇ ತಿರುವು.

ಇನ್ನು ಎಳೆದು ನೋಡೋದು. ಬಾಯಲ್ಲಿ ಪೆಟ್ರೋಲ್ ಎಳೆಯೋದನ್ನ ಊರಲ್ಲಿ ಎಷ್ಟೋ ಜನ ಮಾಡೋದು ನೋಡಿದ್ದೇನೆ, ದಯವಿಟ್ಟು ಮಾಡಬೇಡಿ, ಶ್ವಾಸಕೋಶಕ್ಕೆ ಹೋದರೆ ಆಸ್ಪತ್ರೆ ಸೇರಬೇಕಾಗುತ್ತೆ. ಬ್ರೇಕ್ ಬ್ಲೀಡ್ ಮಾಡುವ ಕೈ ವ್ಯಾಕ್ಯೂಮ್ ಪಂಪು ಇತ್ತು, ಅದನ್ನ ಸಿಕ್ಕಿಸಿದೆ. ಮೆಲ್ಲಗೆ ಎಳೆದರೆ ಪೆಟ್ರೋಲ್ ಬಂತು. ಜೋರಾಗಿ ಎಳೆದ ಕೂಡಲೇ ಮುಳ್ಳು ಮೇಲೇರಿ ಅಲ್ಲೇ ನಿಂತಿತು. ಕೈ ಬಿಟ್ಟು ಸ್ವಲ್ಪ ಹೊತ್ತಾದ ಮೇಲೆ ತಾನಾಗಿ ಇಳಿಯಿತು. ಯಾವುದೋ ಬಾಗಿಲು ಮುಚ್ಚಿಕೊಂಡು ತೆರೆದುಕೊಂಡ ಹಾಗೆ.

ಗಾಡಿಯ ಹಿಂಭಾಗ ಎತ್ತಿ, ಸ್ಟ್ಯಾಂಡ್ ಕೊಟ್ಟು ಕೆಳಗೆ ತೂರಿದೆ. ಟ್ಯಾಂಕಿಯಿಂದ ಹೊರಟ ಕಬ್ಬಿಣದ ಪೈಪನ್ನ ಯಾರೋ ಹಿಂದೆ ಕತ್ತರಿಸಿ, ಬಹುಶಃ ತುಕ್ಕು ಹಿಡಿದಿತ್ತೇನೋ, ನಡುವೆ ಒಂದು ಗೇಣುದ್ದ ರಬ್ಬರ್ ಹೋಸ್ ಸೇರಿಸಿದ್ದರು. ಕೆಟ್ಟ ಕೆಲಸ ಅಲ್ಲ, ಕ್ಲಿಪ್ಪುಗಳೂ ಬಿಗಿಯಾಗಿದ್ದವು. ಹೊರಗಿನಿಂದ ಹೋಸ್ ಹೊಸದರಂತೆ ಇತ್ತು. ಒಂದು ಬಿರುಕಿಲ್ಲ. ಬೆರಳಲ್ಲಿ ಒತ್ತಿದರೆ ಮಾತ್ರ ಒಂಥರಾ ಮೆತ್ತಗಿತ್ತು.

ಬಿಚ್ಚಿ ತಂದು, ಚಾಕುವಿನಿಂದ ಉದ್ದಕ್ಕೆ ಸೀಳಿದೆ.

ಒಳಗಿನ ಪದರ ಊದಿಕೊಂಡು, ಬಾಳೆದಿಂಡಿನ ಪೊರೆ ಬಿಟ್ಟ ಹಾಗೆ ಹೊರಗಿನ ಪದರದಿಂದ ಬಿಟ್ಟುಕೊಂಡಿತ್ತು. ಒಂದು ಕಡೆ ಪೂರ್ತಿ ಕಿತ್ತು ಹೆಬ್ಬೆರಳಿನ ಉಗುರಿನಷ್ಟು ನಾಲಿಗೆಯಾಗಿತ್ತು. ಟ್ಯಾಂಕಿ ಕಡೆಗೆ ಊದಿದರೆ ಆ ನಾಲಿಗೆ ಗೋಡೆಗೆ ಅಂಟಿ ದಾರಿ ಬಿಡುತ್ತೆ. ಪಂಪಿನ ಕಡೆಗೆ ಎಳೆದರೆ ಎದ್ದು ನಿಂತು ದಾರಿ ಮುಚ್ಚುತ್ತೆ. ನಾನು ಊದಿದಾಗ ಗುಳುಗುಳು ಅಂದದ್ದು ಅದಕ್ಕೇ. ಐದು ನಿಮಿಷ ಬಿಟ್ಟರೆ ಸರಿಹೋಗುತ್ತಿದ್ದದ್ದೂ ಅದಕ್ಕೇ, ಎಳೆತ ನಿಂತ ಮೇಲೆ ನಾಲಿಗೆ ಮಲಗುತ್ತಿತ್ತು. ಬೆರಳಿಂದ ಒಳಗೆ ಸವರಿದರೆ ಕಪ್ಪು ಮಸಿ, ಸಣ್ಣ ಸಣ್ಣ ರಬ್ಬರ್ ಪುಡಿ.

ಎಥನಾಲ್ ಕೆಲಸ ಅದು ಅಂತ ನನ್ನ ನಂಬಿಕೆ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಮಾಮೂಲಿ ಪೆಟ್ರೋಲ್ ಅಂದರೆ ಇ-10, ಹತ್ತು ಪರ್ಸೆಂಟ್‌ವರೆಗೆ ಎಥನಾಲ್. ಹಳೇ ಗಾಡಿಗಳಿಗೆ ಇ-5 ಸೂಪರ್ ಹಾಕಿ ಅಂತ ಹೇಳುತ್ತಾರೆ, ನಾನು ಅದನ್ನೇ ಹಾಕೋದು, ಆದರೆ ನನಗಿಂತ ಮುಂಚೆ ಏನು ಹಾಕಿದ್ದರೋ. ಹಳೇ ನಮೂನೆಯ ರಬ್ಬರ್ ಎಥನಾಲ್ ಕುಡಿದು ಊದುತ್ತೆ, ಒಳಗಿಂದ ಕರಗುತ್ತೆ, ಹೊರಗೆ ಏನೂ ಕಾಣಿಸಲ್ಲ. ನಮ್ಮ ಕಡೆಯವರು ಇದನ್ನ ಸ್ವಲ್ಪ ಗಮನ ಇಟ್ಟು ಓದಿ. ಇ-20 ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಆಯ್ತು. ಮೈಸೂರು, ಬೆಂಗಳೂರಿನ ಮನೆಗಳಲ್ಲಿ ಇನ್ನೂ ಜೋಪಾನವಾಗಿರೋ ಹೆರಾಲ್ಡ್, ಅಂಬಾಸಿಡರ್, ಮೈನರ್‌ಗಳಿಗೂ ಈಗ ಬಹುಪಾಲು ಬೀಳುತ್ತಿರೋದು ಅದೇ. ಗಾಡಿಯಲ್ಲಿರುವ ರಬ್ಬರ್ ಹೋಸ್ ಯಾವ ಕಾಲದ್ದು ಅಂತ ಗೊತ್ತಿಲ್ಲದಿದ್ದರೆ ಒಂದು ತುಂಡು ಸೀಳಿ ಒಳಗೆ ನೋಡಿ. ಹೊಸದು ಹಾಕುವಾಗ ಎಸ್‌ಎಇ ಜೆ-30 ಆರ್-9 ಅಂತ ಮೇಲೆ ಅಚ್ಚಾಗಿರೋದನ್ನೇ ಕೇಳಿ ತಗೊಳ್ಳಿ. ನಾನು ಅದನ್ನೇ ಹಾಕಿದೆ. ಟ್ಯಾಂಕಿ ಬರಿದು ಮಾಡಿ ತೊಳೆದೆ, ತಳದಲ್ಲಿ ಕಂದು ಗಷ್ಟು ಸ್ವಲ್ಪ ಇತ್ತು. ಪಂಪಿನ ತಳದಲ್ಲಿರುವ ಜಾಲರಿಯನ್ನೂ ತೊಳೆದೆ. ಮತ್ತೆ ಜಾಡಿ ಇಟ್ಟು ಅಳತೆ: 500 ಮಿಲಿ.

ಕಥೆ ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಮಾರನೇ ದಿನ ಬೆಳಗ್ಗೆ ಸ್ಟಾರ್ಟ್ ಮಾಡಿ ಬಾನೆಟ್ ಎತ್ತಿದರೆ ಪೆಟ್ರೋಲ್ ವಾಸನೆ. ಫ್ಲೋಟ್ ಬಟ್ಟಲಿನ ಓವರ್‌ಫ್ಲೋ ಪೈಪಿನಿಂದ ತೊಟ್ಟು ತೊಟ್ಟಾಗಿ ಬೀಳುತ್ತಿತ್ತು. ತಕ್ಷಣ ಆಫ್ ಮಾಡಿದೆ. ಎಂಜಿನ್ ಬಿಸಿಯಾಗಿದ್ದಿದ್ದರೆ ಇದು ಬೆಂಕಿಯ ವಿಷಯ. ಮೊದಲು ಪೆಟ್ರೋಲ್ ಸಾಲುತ್ತಿರಲಿಲ್ಲ, ಈಗ ಧಾರಾಳ ಬಂದು ನಿಲ್ಲುತ್ತಿಲ್ಲ. ಕಾರಣ ಊಹಿಸೋದು ಕಷ್ಟ ಇರಲಿಲ್ಲ. ಮುಚ್ಚಳ ಬಿಚ್ಚಿ ತಿರುಗಿಸಿದೆ. ಫ್ಲೋಟ್ ಮೇಲೆದ್ದಾಗ ದಾರಿ ಮುಚ್ಚುವ ಸಣ್ಣ ನೀಡಲ್ ವಾಲ್ವ್ ಇದೆಯಲ್ಲ, ಅದರ ತುದಿಯಲ್ಲಿ ಸಾಸಿವೆ ಕಾಳಿನ ಕಾಲು ಭಾಗದಷ್ಟು ಒಂದು ಕಪ್ಪು ಚೂರು ಕೂತಿತ್ತು. ಅದೇ ಹೋಸಿನ ರಬ್ಬರ್. ಪೈಪಿನಲ್ಲೆಲ್ಲೋ ತಂಗಿದ್ದದ್ದು ಹರಿವು ಜೋರಾದ ಮೇಲೆ ಬಂದು ಸೇರಿದೆ.

ನೀಡಲ್ ತುದಿ ನೋಡಿದರೆ ಸುತ್ತ ಒಂದು ಸಣ್ಣ ಗೆರೆ ಸವೆದಿತ್ತು. ಹೇಗೂ ಬಿಚ್ಚಿದ್ದೆ ಅಂತ ನೀಡಲ್ಲೂ ಸೀಟೂ ಹೊಸದು ಹಾಕಿದೆ. ಆಮೇಲೆ ಫ್ಲೋಟ್ ಎತ್ತರ: ಮುಚ್ಚಳವನ್ನ ತಲೆಕೆಳಗು ಹಿಡಿದು, ಫ್ಲೋಟಿನ ಭಾರಕ್ಕೆ ನೀಡಲ್ ಕೂತಾಗ, ಮುಚ್ಚಳದ ಅಂಚಿಗೂ ನೈಲಾನ್ ಫ್ಲೋಟಿಗೂ ನಡುವೆ ಇಂಚಿನ ಎಂಟನೇ ಒಂದು ಭಾಗ ಇರಬೇಕು. ಇದಕ್ಕೆ ಯಾವ ವಿಶೇಷ ಗೇಜೂ ಬೇಡ, 3.2 ಮಿಲಿಮೀಟರ್ ಡ್ರಿಲ್ ಬಿಟ್ಟಿನ ನುಣುಪಾದ ಬುಡ ಸಾಕು. ತೂರಿಸಿದರೆ ಸವರಿದ ಹಾಗೆ ಹೋಗಬೇಕು. ಲೈನಿನಲ್ಲಿ ಇನ್ನೂ ಪುಡಿ ಇದ್ದರೆ ತಡೆಯಲಿ ಅಂತ ಪಂಪಿಗೂ ಕಾರ್ಬೊರೇಟರಿಗೂ ನಡುವೆ ಒಂದು ಪಾರದರ್ಶಕ ಫಿಲ್ಟರ್ ಹಾಕಿದೆ. ಮೊದಲ ವಾರದಲ್ಲೇ ಅದರೊಳಗೆ ಮೂರು ಕಪ್ಪು ಚುಕ್ಕೆ ಸಿಕ್ಕವು.

ಕೊನೆಗೆ ಮಿಕ್ಸ್ಚರ್. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಕಾರ್ಬೊರೇಟರಿನ ಪಕ್ಕದ ಸಣ್ಣ ಪಿನ್ ಒತ್ತಿ ಪಿಸ್ಟನ್ನನ್ನ ಒಂದು ಕೂದಲು ಎತ್ತಬೇಕು, ಜಾಸ್ತಿ ಅಲ್ಲ. ಎಂಜಿನ್ ವೇಗ ಏರಿ ಅಲ್ಲೇ ನಿಂತರೆ ಪೆಟ್ರೋಲ್ ಜಾಸ್ತಿ. ಕುಸಿದು ನಿಲ್ಲೋಕೆ ಬಂದರೆ ಕಮ್ಮಿ. ಒಂದು ಕ್ಷಣ ಸ್ವಲ್ಪ ಏರಿ ಮತ್ತೆ ಮೊದಲಿನಂತಾದರೆ ಸರಿ. ಕೆಳಗಿನ ಜೆಟ್ ನಟ್ಟು ಮೇಲಕ್ಕೆ ತಿರುಗಿಸಿದರೆ ಪೆಟ್ರೋಲ್ ಕಮ್ಮಿ, ಕೆಳಕ್ಕೆ ಇಳಿಸಿದರೆ ಜಾಸ್ತಿ. ಒಂದು ಸಲಕ್ಕೆ ನಟ್ಟಿನ ಒಂದೇ ಮುಖದಷ್ಟು ತಿರುಗಿಸಿ, ಒಮ್ಮೆ ರೇಸ್ ಕೊಟ್ಟು, ಮತ್ತೆ ಪಿನ್ ಒತ್ತಿ ನೋಡುತ್ತಾ ಬಂದೆ. ನನ್ನದು ಎರಡು ಮುಖ ಮೇಲಕ್ಕೆ ಹೋಯ್ತು. ಹಿಂದಿನವರು ಗಾಡಿ ಎಳೆಯುತ್ತಿಲ್ಲ ಅಂತ ಪೆಟ್ರೋಲ್ ಜಾಸ್ತಿ ಮಾಡಿಟ್ಟಿದ್ದರು ಅನ್ಸುತ್ತೆ, ಹೋಸಿನ ರೋಗಕ್ಕೆ ಜೆಟ್ಟಿಗೆ ಮದ್ದು.

ಆರನೇ ಶನಿವಾರ ಗುಡ್ಡಕ್ಕೆ ಹೋದೆ. ಫೋನು ಡ್ಯಾಶ್‌ಬೋರ್ಡಿನ ಮೇಲೆ, ಮಾವ ಲೈನಲ್ಲಿ. ಬುಡದಲ್ಲಿ 45 ಇತ್ತು, ಮೂರನೇ ಗೇರಿಗೆ ಇಳಿಸಿದೆ. ಬೇಲಿ ಬಂತು, ತಿರುವು ಬಂತು. ಎಂಜಿನ್ ಸದ್ದು ಒಂದೇ ಸಮ. ಮಾವ ಏನೂ ಮಾತಾಡಲಿಲ್ಲ, ಕೇಳಿಸಿಕೊಳ್ಳುತ್ತಿದ್ದರು. ಮೇಲೆ ಸ್ಟೋಕನ್‌ಚರ್ಚಿನ ಮೊದಲ ಮನೆಗಳು ಕಂಡಾಗ, "ನಾಕ್ಕೆ ಹಾಕು, ಯಾಕ್ ಇನ್ನೂ ಮೂರಲ್ಲೇ ಎಳೀತಿದ್ಯ" ಅಂದರು.

ಅವತ್ತಿನಿಂದ 300 ಮೈಲಿ ಓಡಿದೆ. ಗ್ಯಾಲನ್ನಿಗೆ 39 ಬರುತ್ತಿದೆ. ಒಂದು ವಿಷಯ ಇನ್ನೂ ಬಾಕಿ ಇದೆ. ಬಿಸಿಲಿನ ದಿನ ದೂರ ಓಡಿಸಿ, ಅಂಗಡಿ ಮುಂದೆ ಹತ್ತು ನಿಮಿಷ ನಿಲ್ಲಿಸಿ ಬಂದರೆ ಸ್ಟಾರ್ಟ್ ಆಗೋಕೆ ಸತಾಯಿಸುತ್ತೆ. ಎಕ್ಸಾಸ್ಟ್ ಬಿಸಿಗೆ ಬಟ್ಟಲಿನ ಪೆಟ್ರೋಲ್ ಕುದಿಯುತ್ತಿದೆ ಅಂತ ಅನುಮಾನ. ಕಾರ್ಬೊರೇಟರಿಗೂ ಮ್ಯಾನಿಫೋಲ್ಡಿಗೂ ನಡುವೆ ದಪ್ಪ ಸ್ಪೇಸರ್, ಕೆಳಗೆ ತಗಡಿನ ಶಾಖ ತಡೆ, ಇವೆರಡನ್ನೂ ಒಂದೊಂದಾಗಿ ಹಾಕಿ ನೋಡಬೇಕು. ಸೀಳಿದ ಹೋಸು ಗ್ಯಾರೇಜಿನ ಗೂಡಿನಲ್ಲಿದೆ. ಎಸೀಬೇಡ, ಡಿಸೆಂಬರಿನಲ್ಲಿ ಊರಿಗೆ ಬರುವಾಗ ತಗೊಂಡು ಬಾ ಅಂದಿದ್ದಾರೆ ಮಾವ.